ಡೇಗೆಯ ಊರಿನಲ್ಲಿ ಪಾರಿವಾಳದವನು

ಟಿ.ಬಿ. ಡ್ಯಾಂ

ನನ್ನನ್ನು ಇಂಗ್ಲೆಂಡಿಗೆ ಯಾರೂ ಕರೆದಿರಲಿಲ್ಲ. ಕರೆದದ್ದು ನನ್ನ ಹೆಂಡತಿ ಗಂಗಮ್ಮನನ್ನು. ಸಂಡೂರಿನಲ್ಲಿ ಲಂಬಾಣಿ ಹೆಣ್ಣುಮಕ್ಕಳ ಪಕ್ಕದಲ್ಲಿ ಕೂತು ಕಸೂತಿ ಕಲಿತವಳು ಈಗ ಅದನ್ನೇ ಹೊಸಬರಿಗೆ ಕಲಿಸುತ್ತಾಳೆ. ಶೆಫೀಲ್ಡ್ ಎಂಬ ಊರಿನ ಒಂದು ವಸ್ತುಸಂಗ್ರಹಾಲಯದವರು, ಬೇಸಿಗೆಯಲ್ಲಿ ಆರು ವಾರ ಬಂದು ಜನರ ಎದುರಿಗೆ ಹೊಲಿದು ತೋರಿಸಬೇಕು ಎಂದು ಅವಳಿಗೆ ಪತ್ರ ಬರೆದರು. ಜೊತೆಗೆ ಒಬ್ಬರನ್ನು ಕರೆತರಬಹುದು ಎಂದು ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಆ ಸಾಲು ನಾನು.

ನಾನು ಯಶವಂತನಗರದಲ್ಲಿ ಮೂವತ್ತು ವರ್ಷ ಗಣಿ ಕಂಪನಿಯ ಬಸ್ಸು ಓಡಿಸಿದವನು. ಬಂಡ್ರಿ ಮತ್ತು ಸುತ್ತಲಿನ ಹಳ್ಳಿಗಳ ಕೆಲಸಗಾರರನ್ನು ತುಂಬಿಕೊಂಡು ಕೆಂಪು ಧೂಳಿನಲ್ಲಿ ಹೋಗುವುದು, ಅದೇ ಧೂಳಿನಲ್ಲಿ ವಾಪಸ್ ಬರುವುದು. ನಿವೃತ್ತನಾದ ಮೇಲೆ ಹೊಸಪೇಟೆಯ ಟಿ.ಬಿ. ಡ್ಯಾಮಿನ ಹತ್ತಿರ ಮನೆ ಮಾಡಿದೆ. ಕೆಳಗೆ ಗಂಗಮ್ಮನ ಸಂಸಾರ, ಮೇಲೆ ಮಾಳಿಗೆಯಲ್ಲಿ ನನ್ನ ಸಂಸಾರ, ಅಂದರೆ ಇಪ್ಪತ್ತೆರಡು ಗಿರಿಬಾಜ್ ಪಾರಿವಾಳಗಳು. ಬೆಳಿಗ್ಗೆ ಹಾರಿಸುತ್ತೇನೆ. ಅವು ಆಕಾಶದಲ್ಲಿ ಚುಕ್ಕೆಯಾಗುವವರೆಗೂ ಏರುತ್ತವೆ. ನಾನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿ, ಜೋಳದ ಡಬ್ಬಿ ಅಲುಗಾಡಿಸಿದರೆ ಎಲ್ಲವೂ ಮಾಳಿಗೆಗೆ ಇಳಿಯುತ್ತವೆ. ಇದರಲ್ಲಿ ಏನು ಸುಖ ಎಂದು ಕೇಳಿದವರನ್ನು ಮಾಳಿಗೆಗೆ ಕರೆದುಕೊಂಡು ಹೋಗುತ್ತೇನೆ.

ಪ್ರತಿ ವರ್ಷ ದೀಪಾವಳಿಯ ಆಸುಪಾಸಿಗೆ ಡ್ಯಾಮಿನ ಹಿನ್ನೀರಿಗೆ ಪರದೇಶದ ಬಾತುಗಳು ಇಳಿಯುತ್ತವೆ. ಅವುಗಳ ಬೆನ್ನಿಗೇ ಒಂದು ಡೇಗೆ, ಹಕ್ಕಿಗಳನ್ನೇ ಬೇಟೆಯಾಡುವ ಗಿಡುಗ, ಬಂದು ನಮ್ಮ ಕಾಲೊನಿಯ ನೀರಿನ ಟ್ಯಾಂಕಿನ ಮೇಲೆ ಕೂರುತ್ತದೆ. ಕಪ್ಪು ಮೀಸೆ, ಹಳದಿ ಕಾಲು, ಯಾರ ಹಂಗೂ ಇಲ್ಲದ ನೋಟ. ಯುಗಾದಿಯ ಹೊತ್ತಿಗೆ ಎಲ್ಲಿಗೋ ಹೋಗಿಬಿಡುತ್ತದೆ. ಅಷ್ಟರೊಳಗೆ ನನ್ನ ಗೂಡಿನಿಂದ ಮೂರೋ ನಾಲ್ಕೋ ಹೋಗಿರುತ್ತವೆ. ಕಳೆದ ಚಳಿಗಾಲದಲ್ಲಿ ನನ್ನ ಬಿಳಿ ಹೆಣ್ಣು, ರಾಣಿ ಎಂದು ಕರೆಯುತ್ತಿದ್ದದ್ದು, ನನ್ನ ಕಣ್ಣೆದುರಿಗೇ ಹೋಯಿತು. ಎರಡು ದಿನ ನಾನು ಅನ್ನ ಮುಟ್ಟಲಿಲ್ಲ. ಗಂಗಮ್ಮ ಮೂರನೇ ದಿನ ರೊಟ್ಟಿ ತಟ್ಟೆ ಎದುರಿಗಿಟ್ಟು, "ನಮ್ಮ ಮಾವನೋರು ತೀರಿಕೊಂಡಾಗೂ ಇಷ್ಟು ಉಪವಾಸ ಮಾಡಿರ್ಲಿಲ್ರಿ ನೀವು" ಎಂದಳು.

ಅಂಥ ನನಗೆ ಪಾರಿವಾಳಗಳನ್ನು ಆರು ವಾರ ಬಿಟ್ಟು ಹೋಗಬೇಕಲ್ಲ ಎಂಬುದೇ ಚಿಂತೆ. ಗಂಗಮ್ಮನ ತಮ್ಮ ಮಂಜುನಾಥ ಕಂಪ್ಲಿಯಿಂದ ಬಂದು ನಮ್ಮ ಮನೆಯಲ್ಲಿ ಇರಲು ಒಪ್ಪಿದ. ಅವನಿಗೆ ಎಷ್ಟು ಜೋಳ, ಎಷ್ಟು ಸಜ್ಜೆ, ಯಾವುದಕ್ಕೆ ಯಾರ ಮೇಲೆ ಸಿಟ್ಟು ಎಂದು ಎರಡು ದಿನ ಹೇಳಿಕೊಟ್ಟೆ. ಕೊನೆಗೆ ಅವನು, "ಮಾವ, ನೀವು ಅಕ್ಕನ ಬಗ್ಗೆ ಇಷ್ಟು ವಿವರ ಹೇಳಾಕ ಆಗ್ತಿತ್ತೇನ್ರಿ?" ಎಂದು ಕೇಳಿದ. ನಾನು ಅವನಿಗೆ ಇನ್ನೊಂದು ಸಲ ಜೋಳದ ಅಳತೆ ತೋರಿಸಿದೆ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ಗಂಗಮ್ಮ ಕನ್ನಡಿ ಚೂರು, ಕವಡೆ, ದಾರದ ಉಂಡೆ, ಸೂಜಿ ಎಲ್ಲವನ್ನೂ ಪಟ್ಟಿ ಮಾಡಿ ತಂದಿದ್ದಳು. ಅವಳನ್ನು ಅಧಿಕಾರಿಗಳು ನಗುತ್ತಾ ಬಿಟ್ಟರು. ತಡೆದದ್ದು ನನ್ನನ್ನು. ಕೋಟಿನ ಜೇಬಿನಲ್ಲಿ ಏನಿದೆ ಎಂದರು. ಏನೂ ಇಲ್ಲ ಎಂದು ಧೈರ್ಯವಾಗಿ ಜೇಬನ್ನು ಹೊರಗೆಳೆದೆ. ಹೊಳೆಯುವ ನೆಲದ ಮೇಲೆ ಜೋಳ ಚೆಲ್ಲಾಪಿಲ್ಲಿಯಾಯಿತು.

ಪಾರಿವಾಳ ಸಾಕುವವನ ಜೇಬಿನಲ್ಲಿ ಜೋಳ ಇಲ್ಲದ ದಿನ ಇರುವುದಿಲ್ಲ. ಕೋಟು ಹೊಸದಾಗಿದ್ದರೂ ಕೈ ಹಳೆಯದು. ಅದು ಯಾವಾಗ ಅಲ್ಲಿ ಜೋಳ ತುಂಬಿತೋ ನನಗೇ ಗೊತ್ತಿಲ್ಲ. ಅಧಿಕಾರಿ ಇದು ಬೀಜವಲ್ಲವೇ, ಬಿತ್ತಲು ತಂದಿರಾ ಎಂದ. ಅಲ್ಲ, ನನ್ನ ಆಹಾರ ಎಂದೆ. ಹಸಿಯಾಗಿಯೇ ತಿನ್ನುತ್ತೀರಾ ಎಂದ. ಹೌದು ಎಂದು ಸಾಬೀತು ಮಾಡಲು ಒಂದು ಹಿಡಿ ಬಾಯಿಗೆ ಹಾಕಿ ಜಗಿದೆ. ಹಲ್ಲಿನ ಡಾಕ್ಟರು ಹಾಕಿದ ಸಿಮೆಂಟು ಒಂದು ಅಲ್ಲೇ ಸಡಿಲಾಯಿತು. ಇಬ್ಬರು ಅಧಿಕಾರಿಗಳು ಬಗ್ಗಿ ಉಳಿದ ಕಾಳುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದರು. ನಾನೂ ಆರಿಸಲು ಬಗ್ಗಿದೆ. ಬೇಡ ಎಂದರು. ಗಂಗಮ್ಮ ದೂರದಲ್ಲಿ ನಿಂತು ನಾನು ಅವಳಿಗೆ ಪರಿಚಯವೇ ಇಲ್ಲದವನಂತೆ ಗೋಡೆಯ ಚಿತ್ರ ನೋಡುತ್ತಿದ್ದಳು.

ಶೆಫೀಲ್ಡ್, ಮೊದಲ ವಾರ

ಊರು ನಮ್ಮ ಸಂಡೂರಿನ ಹಾಗೆ ಗುಡ್ಡಗಳ ಮೇಲಿದೆ. ಹಿಂದೆ ಉಕ್ಕು ಮಾಡುತ್ತಿದ್ದ ಊರಂತೆ. ಅದಿರಿನ ಊರಿನವನಿಗೆ ಉಕ್ಕಿನ ಊರು ಬೀಗರ ಮನೆಯಿದ್ದ ಹಾಗೆ ಎಂದುಕೊಂಡು ಹೊರಟೆ. ಆದರೆ ಬೀಗರು ಯಾರೂ ಮಾತಾಡಿಸಲಿಲ್ಲ. ಬಸ್ಸಿನಲ್ಲಿ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ, ಅಷ್ಟೇ. ಮೂವತ್ತು ವರ್ಷದಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಮೊದಲ ದಿನ ಅದನ್ನು ಕೇಳಲೆಂದೇ ಸುಮ್ಮನೆ ಮೂರು ಬಸ್ಸು ಹತ್ತಿ ಇಳಿದೆ.

ವಸ್ತುಸಂಗ್ರಹಾಲಯದಲ್ಲಿ ಗಂಗಮ್ಮನ ಸುತ್ತ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ದಾರ ಬಿಡಿಸಿಕೊಡುತ್ತಿದ್ದೆ. ಎರಡನೇ ದಿನ ನೀಲಿ ಕೇಳಿದಾಗ ಹಸಿರು ಕೊಟ್ಟೆ. ಮೂರನೇ ದಿನ ಅವಳು, "ನೀವು ಊರು ನೋಡ್ಕೊಂಡು ಬರ್ರಿ, ಭಾಳ ಚೊಲೊ ಐತಂತ" ಎಂದು ಎಬ್ಬಿಸಿ ಕಳಿಸಿದಳು. ಇದನ್ನೇ ಕೆಲಸದಿಂದ ತೆಗೆಯುವುದು ಎನ್ನುತ್ತಾರೆ.

ಹಾಗೆ ಅಲೆಯುವಾಗ ಒಂದು ಹಳೆಯ ಚರ್ಚಿನ ಎದುರು ಜನ ಗುಂಪಾಗಿ ಮೇಲೆ ನೋಡುತ್ತಿದ್ದರು. ಹಂಪಿಯಲ್ಲಿ ಹಾಗೆ ಜನ ಮೇಲೆ ನೋಡಿದರೆ ಕೋತಿ ಯಾರದ್ದೋ ಕನ್ನಡಕ ಹೊತ್ತುಕೊಂಡು ಹೋಗಿದೆ ಎಂದು ಅರ್ಥ. ಇಲ್ಲಿ ಯಾರಾದರೂ ಗೋಪುರದಿಂದ ಹಾರಲು ನಿಂತಿರಬೇಕು ಎಂದು ನಾನೂ ಓಡಿದೆ. ಒಬ್ಬಳು ಹೆಂಗಸು, ಎಪ್ಪತ್ತರ ಮೇಲಿನವಳು, ತನ್ನ ದೊಡ್ಡ ದುರ್ಬೀನನ್ನು ನನ್ನ ಕಡೆ ತಿರುಗಿಸಿ ನೋಡಿ ಎಂದಳು. ನೋಡಿದೆ.

ಕಪ್ಪು ಮೀಸೆ. ಹಳದಿ ಕಾಲು. ಯಾರ ಹಂಗೂ ಇಲ್ಲದ ನೋಟ.

ಡೇಗೆ. ಅದಕ್ಕೆ ಗೋಪುರದ ಮೇಲೆ ಮರದ ತಟ್ಟೆ ಮಾಡಿ, ಜಲ್ಲಿ ಹಾಸಿ, ಮಳೆ ಬೀಳದಂತೆ ಮರೆ ಕಟ್ಟಿದ್ದರು. ಪಕ್ಕದಲ್ಲಿ ಕ್ಯಾಮೆರಾ ಇತ್ತು. ಊರಿನ ಜನ ಬೆಳಿಗ್ಗೆ ಎದ್ದು ಫೋನಿನಲ್ಲಿ ಅದರ ಮುಖ ನೋಡಿ ಆಮೇಲೆ ಚಹಾ ಕುಡಿಯುತ್ತಾರಂತೆ. ಕಳ್ಳನ ಫೋಟೊ ಪೊಲೀಸ್ ಠಾಣೆಯಲ್ಲಿ ಅಂಟಿಸುವುದನ್ನು ನೋಡಿದ್ದೆ, ದೇವರ ಗೂಡಿನಲ್ಲಿ ಇಟ್ಟದ್ದನ್ನು ಅಲ್ಲಿಯೇ ಮೊದಲು ನೋಡಿದ್ದು.

ಹೆಂಗಸಿನ ಹೆಸರು ಮಾರ್ಗರೆಟ್. ನಿಮಗೂ ಹಕ್ಕಿಗಳೆಂದರೆ ಇಷ್ಟವೇ ಎಂದು ಕೇಳಿದಳು. ಮನೆಯಲ್ಲಿ ಇಪ್ಪತ್ತೆರಡು ಇವೆ ಎಂದೆ. ಇಪ್ಪತ್ತೆರಡೇ ಎಂದು ಅವಳ ಹುಬ್ಬು ಮೇಲೇರಿತು. ಇಂಥವೇ ಎಂದು ಗೋಪುರದ ಕಡೆ ಬೆರಳು ತೋರಿಸಿದಳು. ಆ ಹೊತ್ತಿಗೆ ಸುತ್ತ ಏಳೆಂಟು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಮೂರು ದಿನದಲ್ಲಿ ಈ ದೇಶದಲ್ಲಿ ನನ್ನ ಮುಖ ಯಾರೂ ನೋಡಿರಲಿಲ್ಲ. ನಾನು ತಲೆಯನ್ನು ಹೌದು ಎನ್ನುವಂತೆಯೂ ಅಲ್ಲ ಎನ್ನುವಂತೆಯೂ ಅಲ್ಲಾಡಿಸಿದೆ. ನಮ್ಮ ಕಡೆ ಅದಕ್ಕೆ ಹತ್ತು ಅರ್ಥ. ಅವರು ಒಂದೇ ಅರ್ಥ ತೆಗೆದುಕೊಂಡರು. ಮಾರ್ಗರೆಟ್ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು.

ಸಂಜೆ ಗಂಗಮ್ಮನಿಗೆ ಹೇಳಿದೆ. ಅವಳು ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಳು. "ಪಾರಿವಾಳದಾವ ಅಂತ ಹೇಳಿಬಿಡ್ರಿ, ಏನಾಗ್ತದ?" ಎಂದಳು. "ಬೆಂಚಿನಿಂದ ಎಬ್ಬಿಸ್ತಾರ" ಎಂದೆ.

ಬೆಂಚು

ನನ್ನ ಇಂಗ್ಲಿಷ್ ಗಣಿಯಲ್ಲಿ ಹುಟ್ಟಿ ಬೆಳೆದದ್ದು. ಶಿಫ್ಟು, ಓವರ್‌ಲೋಡು, ಬ್ರೇಕ್‌ಡೌನು, ಬ್ಲಾಸ್ಟಿಂಗು, ಇವಿಷ್ಟರಲ್ಲಿ ಜಗತ್ತಿನ ಯಾವುದನ್ನಾದರೂ ಹೇಳಬಲ್ಲೆ. ಗಂಡು ಡೇಗೆ ಬೆಳಿಗ್ಗೆ ಬೇಟೆ ತಂದರೆ ಫಸ್ಟ್ ಶಿಫ್ಟ್ ಮುಗಿಯಿತು ಎನ್ನುತ್ತಿದ್ದೆ. ದೊಡ್ಡ ಪಾರಿವಾಳ ಹೊತ್ತು ಏರಲಾರದೆ ಒದ್ದಾಡಿದರೆ ಓವರ್‌ಲೋಡ್ ಎನ್ನುತ್ತಿದ್ದೆ. ಮಾರ್ಗರೆಟ್ ನಗದೆ ತನ್ನ ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದುಕೊಳ್ಳುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಇಡೀ ಬೆಂಚು ಶಿಫ್ಟಿನ ಲೆಕ್ಕದಲ್ಲಿ ಮಾತಾಡತೊಡಗಿತು.

ಅವಳಿಂದ ಆ ಹಕ್ಕಿಯ ವರ್ಷವೆಲ್ಲ ತಿಳಿಯಿತು. ಚಳಿ ಮುಗಿಯುವ ಹೊತ್ತಿಗೆ ಗಂಡು ಹೆಣ್ಣು ಗೋಪುರದ ಮೇಲೆ ಒಂದಕ್ಕೊಂದು ಬಗ್ಗಿ ನಮಸ್ಕಾರ ಮಾಡುತ್ತವೆ. ಮಾರ್ಚ್ ಕೊನೆಯಲ್ಲಿ ಮೊಟ್ಟೆ. ತಿಂಗಳಿಗೂ ಹೆಚ್ಚು ಕಾವು. ಹೆಣ್ಣು ಕೂತಿರುತ್ತದೆ, ಗಂಡು ಊಟ ತರುತ್ತದೆ, ನಡುನಡುವೆ ಹೆಣ್ಣನ್ನು ಎಬ್ಬಿಸಿ ತಾನೂ ಕೂರುತ್ತದೆ. ಇದನ್ನು ನಾನು ಗಂಗಮ್ಮನಿಗೆ ಹೇಳಬಾರದಿತ್ತು. ಮೇ ತಿಂಗಳಲ್ಲಿ ಮರಿ. ಜೂನಿನಲ್ಲಿ ಮರಿಗಳು ಹಾರುತ್ತವೆ. ಆಮೇಲೆ ಇಸ್ಕೂಲು ಶುರು. ಅಪ್ಪನೋ ಅವ್ವನೋ ಬೇಟೆಯನ್ನು ಹೊತ್ತು ಮೇಲೆ ಹಾರಿ, ಮರಿಗಳ ಮುಂದೆ ಗಾಳಿಯಲ್ಲಿ ಬಿಟ್ಟುಬಿಡುತ್ತವೆ. ಹಿಡಿದರೆ ಊಟ, ಬಿಟ್ಟರೆ ಉಪವಾಸ. ಆಗಸ್ಟ್ ಬಂದರೆ ಅದನ್ನೂ ನಿಲ್ಲಿಸುತ್ತವೆ.

ಚಳಿಗಾಲದಲ್ಲಿ ನಮ್ಮೂರಿಗೆ ಬರುವುದು ಇದೇ ಏನು ಎಂದು ಕೇಳಿದೆ. ನನಗೆ ಅದೊಂದು ಮುಖ್ಯ ಪ್ರಶ್ನೆಯಾಗಿತ್ತು. ಆರೋಪಿಯ ಮನೆಯವರೆಗೂ ಬಂದಿದ್ದೇನೆಂದು ನಂಬಿದ್ದೆ. ಮಾರ್ಗರೆಟ್ ಇಲ್ಲ ಎಂದಳು. ಈ ಊರಿನವು ವರ್ಷವಿಡೀ ಈ ಊರಲ್ಲೇ ಇರುತ್ತವಂತೆ. ನಿಮ್ಮ ಊರಿಗೆ ಬರುವುದು ಉತ್ತರದ ಹಿಮದ ನಾಡಿನಿಂದ, ಅಲ್ಲಿ ಹಕ್ಕಿಗಳಿಗೆ ತಿನ್ನಲು ಏನೂ ಉಳಿಯದಾಗ ಬರುತ್ತದೆ ಎಂದಳು. ನಾನು ತಪ್ಪು ವಿಳಾಸಕ್ಕೆ ಬಂದಿದ್ದೆ. ಅಷ್ಟು ದೂರದಿಂದ ಹಸಿದು ಬರುತ್ತದೆ ಎಂದು ಕೇಳಿ ಒಂದು ಕ್ಷಣ ಮನಸ್ಸು ಮೆತ್ತಗಾಯಿತು. ಆಮೇಲೆ ರಾಣಿ ನೆನಪಾಗಿ ಸರಿಹೋಯಿತು.

ಆ ವರ್ಷ ಮೂರು ಮರಿಗಳು. ಎರಡು ದೊಡ್ಡ ಹೆಣ್ಣು, ಕೊನೆಯಲ್ಲಿ ಹುಟ್ಟಿದ ಒಂದು ಸಣ್ಣ ಗಂಡು. ಅಕ್ಕಂದಿರು ಗಾಳಿಯಲ್ಲೇ ಊಟ ಕಿತ್ತುಕೊಳ್ಳುತ್ತಿದ್ದರು. ಸಣ್ಣದು ಒಂದು ಅಂಚಿನಲ್ಲಿ ಕೂತು ಅರಚುತ್ತಿತ್ತು. ಮಾರ್ಗರೆಟ್‌ಗೆ ಅದರದ್ದೇ ಚಿಂತೆ. ಆಗಸ್ಟಿನೊಳಗೆ ತಾನಾಗಿ ಒಂದು ಬೇಟೆ ಹಿಡಿಯದಿದ್ದರೆ ಚಳಿಗೆ ಮುಂಚೆ ಸತ್ತುಹೋಗುತ್ತದೆ ಎಂದಳು. ಕೊನೆಯ ಮರಿಗಳು ಹಾಗೆ ಹೋಗಿರುವುದನ್ನು ಅವಳು ನೋಡಿದ್ದಳು. ಹೋದ ವರ್ಷದ್ದನ್ನು ಅವಳೇ ರಸ್ತೆಯ ಬದಿಯಿಂದ ಎತ್ತಿಕೊಂಡು ಬಂದಿದ್ದಳಂತೆ, ಕೈಯಲ್ಲಿ ತೂಕವೇ ಇರಲಿಲ್ಲವಂತೆ. ಅದನ್ನು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನಾನು ಜೇಬಿನಿಂದ ಗಂಗಮ್ಮ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತೆಗೆದು ಅರ್ಧ ಮುರಿದು ಕೊಟ್ಟೆ. ಇಬ್ಬರೂ ತಿಂದೆವು.

ಸಿಳ್ಳೆ

ಜುಲೈ ಕೊನೆಯ ಒಂದು ಮಧ್ಯಾಹ್ನ ಬೆಂಚಿನ ಜನ ಎಲ್ಲ ಇದ್ದರು. ಬಿಸಿಲಿತ್ತು. ಅಲ್ಲಿ ಬಿಸಿಲು ಬಂದರೆ ಜನ ಮದುವೆಗೆ ಬಂದವರ ಹಾಗೆ ಒಬ್ಬರನ್ನೊಬ್ಬರು ಅಭಿನಂದಿಸುತ್ತಾರೆ. ಎದುರಿನ ಕಟ್ಟಡದ ಮಾಡಿನಿಂದ ಪಾರಿವಾಳಗಳ ಹಿಂಡೊಂದು ಎದ್ದಿತು. ಮಾರ್ಗರೆಟ್ ನನ್ನ ತೋಳು ಹಿಡಿದಳು. ಗೋಪುರದಿಂದ ಸಣ್ಣದು ಬಿದ್ದಿತ್ತು. ಹಾರಿತ್ತು ಎನ್ನುವಂತಿಲ್ಲ, ರೆಕ್ಕೆ ಮಡಚಿ ಬಿದ್ದಿತ್ತು. ಅಷ್ಟು ದಿನ ಅರಚುವುದು ಬಿಟ್ಟು ಏನೂ ಬಾರದಿದ್ದ ಮರಿ ಹಿಂಡಿನ ಕೊನೆಯ ಪಾರಿವಾಳದ ಹಿಂದೆ ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಕೊನೆಯ ಪಾರಿವಾಳ ಬಿಳಿಯದು.

ಮುಂದಿನದ್ದನ್ನು ನಾನು ಮಾಡಿದೆನೆಂದು ಹೇಳಲಾರೆ, ನನ್ನ ಕೈ ಮಾಡಿತು. ಎರಡು ಬೆರಳು ಬಾಯಿಗೆ ಹೋದವು. ಟಿ.ಬಿ. ಡ್ಯಾಮಿನ ಮಾಳಿಗೆಯಿಂದ ಕಾಲುವೆಯ ಆಚೆ ದಡಕ್ಕೆ ಕೇಳುವ ಸಿಳ್ಳೆ ಆ ಚರ್ಚಿನ ಗೋಡೆಗೆ ಬಡಿದು ಊರೆಲ್ಲ ತುಂಬಿತು. ಸಾಲದು ಎಂದು ಹೆಗಲ ಮೇಲಿನ ಟವೆಲ್ ಎಳೆದು ತಲೆಯ ಮೇಲೆ ಗಿರಗಿರ ತಿರುಗಿಸಿ, "ಇಳೀರಿ, ಇಳೀರಲೇ" ಎಂದು ಕೂಗಿದೆ. ಶೆಫೀಲ್ಡಿನ ಪಾರಿವಾಳಗಳಿಗೆ ಹೊಸಪೇಟೆ ಮಾತು ತಿಳಿಯಲಿಲ್ಲ. ತಿಳಿದದ್ದು ಡೇಗೆ ಮರಿಗೆ. ಅದು ಬೆಚ್ಚಿ ಪಕ್ಕಕ್ಕೆ ಹೊರಳಿ, ಒಂದು ಕ್ರೇನಿನ ತುದಿಗೆ ಹೋಗಿ ಕೂತು ರೆಕ್ಕೆ ಜೋಲು ಬಿಟ್ಟಿತು. ಪಾರಿವಾಳ ಉಳಿಯಿತು. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ, ಎರಡು ಕ್ಷಣ ಭಾಳ ಖುಷಿಯಾಯಿತು.

ಆಮೇಲೆ ಬೆಂಚಿನ ಕಡೆ ತಿರುಗಿದೆ. ಯಾರೂ ಬೈಯಲಿಲ್ಲ. ನಮ್ಮ ಕಡೆಯಾಗಿದ್ದರೆ ಹತ್ತು ಜನ ಮೈಮೇಲೆ ಬರುತ್ತಿದ್ದರು, ನಾನೂ ತಿರುಗಿ ಬೈಯುತ್ತಿದ್ದೆ, ಆಮೇಲೆ ಎಲ್ಲರೂ ಮಿರ್ಚಿ ತಿಂದು ಮನೆಗೆ ಹೋಗುತ್ತಿದ್ದೆವು. ಇಲ್ಲಿ ಎಲ್ಲರೂ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಮಾರ್ಗರೆಟ್ ನೋಟ್‌ಬುಕ್ ಮುಚ್ಚಿ, ನೀವು ಪಾರಿವಾಳದವರು ಎಂದಳು. ಪ್ರಶ್ನೆಯಲ್ಲ. ಹೌದು ಎಂದೆ. ಇಪ್ಪತ್ತೆರಡೂ ಎಂದಳು. ಇಪ್ಪತ್ತೆರಡೂ ಎಂದೆ. ಅವಳು ದುರ್ಬೀನು ಹೆಗಲಿಗೇರಿಸಿ ನಡೆದುಹೋದಳು.

ಫಸ್ಟ್ ಶಿಫ್ಟು

ಎರಡು ದಿನ ಚರ್ಚಿನ ಕಡೆ ಹೋಗಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ದಾರ ಬಿಡಿಸುತ್ತೇನೆಂದು ಹೋದರೆ ಗಂಗಮ್ಮ ಬೇಡ ಎಂದಳು. ರೂಮಿನಲ್ಲಿ ಕೂತು ಫೋನಿನಲ್ಲಿ ಆ ಕ್ಯಾಮೆರಾ ತೆರೆದು ನೋಡಿದೆ. ಸಣ್ಣದು ತಟ್ಟೆಯ ಅಂಚಿನಲ್ಲಿ ಕೂತು ಅರಚುತ್ತಿತ್ತು. ಅವ್ವ ಬಂದು ಎದುರಿಗೇ ಕೂತು ತಾನು ಹೊಟ್ಟೆ ತುಂಬ ತಿಂದು, ಕೊಕ್ಕು ಕಲ್ಲಿಗೆ ಒರೆಸಿ, ಬೆನ್ನು ತಿರುಗಿಸಿತು. ಮರುದಿನವೂ ಅದೇ. ಸಿಳ್ಳೆಯ ನಂತರ ಸಣ್ಣದು ಗೋಪುರ ಬಿಟ್ಟು ಬೇಟೆಗೆ ಎದ್ದಿರಲಿಲ್ಲ. ರಾತ್ರಿ ಊಟಕ್ಕೆ ಕೂತವನು ತಟ್ಟೆ ಪಕ್ಕಕ್ಕೆ ಸರಿಸಿದೆ.

ಗಂಗಮ್ಮ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. "ಇಷ್ಟು ವರ್ಷ ಅದರ ವಂಶ ಹಾಳಾಗ್ಲಿ ಅಂತ ಬೇಡ್ಕೊಂಡ್ರಿ. ಈಗ ಒಂದು ಮರಿ ಹಸದೈತಿ ಅಂತ ಉಣ್ಣಾಕ ಒಲ್ಲೆ ಅಂತೀರಿ. ನಿಮಗ ಯಾರು ಸತ್ರ ಸುಖ ಅಂತ ಒಮ್ಮೆ ತೀರ್ಮಾನ ಮಾಡಿ ಹೇಳ್ರಿ, ನಾನು ಅದರ ಪ್ರಕಾರ ಅಡಿಗಿ ಮಾಡ್ತೀನಿ" ಎಂದಳು.

"ಅದು ಚೊಲೊ ಹಾರಿತ್ತು ಗಂಗಾ" ಎಂದೆ. "ನಾ ಕೆಡಿಸಿದೆ."

"ಹಂಗಿದ್ರ ಆಕಿ ಮುಂದ ಹೋಗಿ ಹೇಳ್ರಿ, ನನ್ನ ಮುಂದ ಯಾಕ ಹೇಳ್ತೀರಿ?"

ಬೆಳಿಗ್ಗೆ ಉಳಿದ ಹೋಳಿಗೆಗಳ ಡಬ್ಬಿ ಹಿಡಿದು ಹೋದೆ. ಮಾರ್ಗರೆಟ್ ಒಬ್ಬಳೇ ಇದ್ದಳು. ಕ್ಷಮಿಸಿ ಎನ್ನುವುದಕ್ಕೆ ಗಣಿಯ ಇಂಗ್ಲಿಷಿನಲ್ಲಿ ಒಂದೇ ಮಾತಿದೆ. ಮೈ ಮಿಸ್ಟೇಕ್, ಬ್ರೇಕ್ ಫೇಲ್ ಎಂದೆ. ಅವಳು ಡಬ್ಬಿಯ ಮುಚ್ಚಳ ತೆರೆದು ನೋಡಿದಳು. ಆಮೇಲೆ ಡಬ್ಬಿ ತೆಗೆದುಕೊಂಡಳು. ಬೆಳಗಿನ ಐದಕ್ಕೆ ಇಲ್ಲಿ ಯಾರೂ ಬರುವುದಿಲ್ಲ, ಫಸ್ಟ್ ಶಿಫ್ಟು ನೀವು ಮಾಡಿ ಎಂದು ನೋಟ್‌ಬುಕ್ಕನ್ನೂ ಒಂದು ಸಣ್ಣ ದುರ್ಬೀನನ್ನೂ ಕೊಟ್ಟಳು. ಕೈ ಜೇಬಿನಲ್ಲಿರಲಿ ಎಂದು ಸೇರಿಸಿದಳು.

ಅಂದಿನಿಂದ ದಿನಾ ಐದಕ್ಕೆ ಎದ್ದು ಹೋದೆ. ಕಂಪನಿಯ ಬಸ್ಸು ತೆಗೆಯುತ್ತಿದ್ದದ್ದೂ ಅದೇ ಹೊತ್ತಿಗೆ, ಹಾಗಾಗಿ ಕಷ್ಟವಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ. ಅವ್ವ ಬಂದಳು. ಅಪ್ಪ ಹೋದ. ಸಣ್ಣದು ಕೂತಿದೆ. ಸಣ್ಣದು ಹಾರಿತು, ತಪ್ಪಿತು. ಅಕ್ಕ ಬಿಟ್ಟ ಎಲುಬು ಕುಕ್ಕಿತು. ಸಣ್ಣದು ಕೂತಿದೆ. ಮಾರ್ಗರೆಟ್ ಎಂಟಕ್ಕೆ ಬಂದು ಆ ಪುಟಗಳನ್ನು ಒಂದಕ್ಷರ ತಿಳಿಯದೆ ಮೇಲಿಂದ ಕೆಳಕ್ಕೆ ನೋಡಿ, ನನ್ನ ಮುಖ ನೋಡಿ, ಇಲ್ಲವೇ ಎನ್ನುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಆಗಸ್ಟ್ ಎರಡನೇ ವಾರ ಬಂತು. ಮರಿಯ ಎದೆ ಒಳಗೆ ಸರಿದು ಮೂಳೆ ಎದ್ದಿತ್ತು. ಪಾರಿವಾಳ ಸಾಕಿದವನಿಗೆ ಅದು ಎಷ್ಟು ದಿನದ ಮಾತು ಎಂದು ಯಾರೂ ಹೇಳಬೇಕಿಲ್ಲ.

ಮಂಜುನಾಥ ಫೋನ್ ಮಾಡಿದ. "ಮಾವ, ನಿಮ್ಮ ಇಪ್ಪತ್ತೆರಡೂ ಆರಾಮ ಅದಾವ. ಆ ಕರೀದು ಎರಡು ಮೊಟ್ಟೆ ಇಟ್ಟೈತಿ." ನಾನು ಹೂಂ ಎಂದೆ. "ಏನ್ರಿ, ಖುಷಿ ಇಲ್ಲೇನು?" ಎಂದ. ಇದೆ ಎಂದೆ. ದುರ್ಬೀನಿನಿಂದ ಕಣ್ಣು ತೆಗೆದಿರಲಿಲ್ಲ.

ಕೊನೆಯ ಬೆಳಿಗ್ಗೆ

ನಾವು ಹೊರಡುವ ದಿನ. ಎಂಟೂವರೆಗೆ ಟ್ಯಾಕ್ಸಿ. ಗಂಗಮ್ಮ ಸಾಮಾನು ಕಟ್ಟುತ್ತಿದ್ದಳು. ನಾನು ಐದಕ್ಕೇ ಬೆಂಚಿನಲ್ಲಿದ್ದೆ.

ಏಳು ದಾಟಿತ್ತು. ಸಣ್ಣದು ಗೋಪುರದ ಮೂಲೆಯಲ್ಲಿ ಅರಚದೆ ಕೂತಿತ್ತು. ಅರಚಲೂ ಶಕ್ತಿ ಇರಲಿಲ್ಲವೋ ಏನೋ. ಆಗ ಪೂರ್ವದ ಕಡೆಯಿಂದ ಒಂಟಿ ಪಾರಿವಾಳ ಬಂತು. ಊರಿನ ಬೀದಿಯ ಪಾರಿವಾಳವಲ್ಲ. ಎತ್ತರದಲ್ಲಿ, ನೆಟ್ಟಗೆ, ಅತ್ತಿತ್ತ ನೋಡದೆ, ಒಂದೇ ಸಮನೆ ರೆಕ್ಕೆ ಬಡಿಯುತ್ತ ಬರುತ್ತಿತ್ತು. ಅಷ್ಟು ದೂರದಿಂದಲೇ ನನಗೆ ಗೊತ್ತಾಯಿತು. ಅದು ಯಾರೋ ಸಾಕಿದ ಹಕ್ಕಿ, ಎಲ್ಲಿಂದಲೋ ಬಿಟ್ಟಿದ್ದಾರೆ, ಮನೆಗೆ ಹೋಗುತ್ತಿದೆ. ಎಲ್ಲೋ ಒಬ್ಬ ಮಾಳಿಗೆಯ ಮೇಲೆ, ಅಥವಾ ಇಲ್ಲಿಯವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ, ಆಕಾಶ ನೋಡುತ್ತ ನಿಂತಿದ್ದಾನೆ.

ಸಣ್ಣದು ತಲೆ ಎತ್ತಿತು.

ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಗಟ್ಟಿಯಾಗಿ ಕೂತೆ. ಹಲ್ಲು ಕಚ್ಚಿದೆ, ಮ್ಯಾಂಚೆಸ್ಟರಿನಲ್ಲಿ ಸಡಿಲಾದ ಹಲ್ಲನ್ನೂ ಸೇರಿಸಿ. ಮರಿ ಎದ್ದಿತು. ಪಾರಿವಾಳಕ್ಕಿಂತ ಮೇಲೆ, ಇನ್ನೂ ಮೇಲೆ ಹೋಗಿ, ಮಡಚಿಕೊಂಡು ಬಿತ್ತು. ತಪ್ಪಿತು. ಪಾರಿವಾಳ ಓರೆಯಾಗಿ ಕೆಳಗಿಳಿಯಿತು, ಚೆನ್ನಾದ ಹಕ್ಕಿ, ಬುದ್ಧಿವಂತ ಹಕ್ಕಿ. ಮರಿ ಕೆಳಗಿನಿಂದ ತಿರುಗಿ ಮತ್ತೆ ಏರಿತು. ನಾನು ಯಾರ ಕಡೆ ಇದ್ದೆನೋ ನನಗೆ ತಿಳಿಯದು. ಕಣ್ಣಲ್ಲಿ ನೀರು ಬಂದು ಎಲ್ಲ ಮಸುಕಾಯಿತು. ಕಣ್ಣು ಒರೆಸಿ ನೋಡುವಷ್ಟರಲ್ಲಿ ಆಕಾಶದಲ್ಲಿ ಒಂದೇ ಹಕ್ಕಿಯಿತ್ತು, ಭಾರ ಹೊತ್ತು ಗೋಪುರದ ಕಡೆ ಒದ್ದಾಡುತ್ತ ಬರುತ್ತಿತ್ತು. ಓವರ್‌ಲೋಡ್ ಎಂದೆ, ಕೇಳುವವರು ಯಾರೂ ಇರಲಿಲ್ಲ.

ಮಾರ್ಗರೆಟ್ ಎಂಟಕ್ಕೆ ಬಂದಳು. ಮೇಲೆ ತೋರಿಸಿದೆ. ಅವಳು ನೋಡಿದಳು. ಆರು ವಾರದಲ್ಲಿ ಒಮ್ಮೆಯೂ ನನ್ನನ್ನು ಮುಟ್ಟಿ ಮಾತಾಡದವಳು, ಅಂದು ತೋಳು ಹಿಡಿದದ್ದೊಂದು ಬಿಟ್ಟರೆ, ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಬೆಂಚಿನ ಸುತ್ತ ಗರಿಗಳು ಮೆಲ್ಲಗೆ ಬೀಳುತ್ತಿದ್ದವು. ಒಂದು ಉದ್ದನೆಯ ರೆಕ್ಕೆಯ ಗರಿ ನನ್ನ ಕಾಲ ಬಳಿ ಬಿತ್ತು. ಎತ್ತಿ ನೋಡಿದರೆ ಅದರ ಮೇಲೆ ಮಸಿಯ ಮುದ್ರೆಯಲ್ಲಿ ಒಂದು ಫೋನ್ ನಂಬರು. ಪಂದ್ಯದ ಪಾರಿವಾಳ ದಾರಿ ತಪ್ಪಿದರೆ ಸಿಕ್ಕವರು ತಿಳಿಸಲಿ ಎಂದು ಒಡೆಯರು ಗರಿಗೆ ನಂಬರು ಒತ್ತುತ್ತಾರಂತೆ. ಇಂಥದ್ದು ಸಿಕ್ಕಾಗ ಫೋನು ಮಾಡುವ ಕೆಲಸ ಮಾರ್ಗರೆಟ್‌ದು. ಅವರು ತುಂಬ ಬೈಯುತ್ತಾರೆ ಎಂದಳು. ನಾನು ಮಾಡುತ್ತೇನೆ ಎಂದೆ.

ಒಬ್ಬ ಮುದುಕ ಎತ್ತಿದ. ಊರ ಹೊರಗಿನ ಹಳೆಯ ಕಲ್ಲಿದ್ದಲ ಗಣಿಯ ಕಡೆಯವನು ಎಂದು ಮಾರ್ಗರೆಟ್ ಆಮೇಲೆ ಹೇಳಿದಳು. ನಿಮ್ಮ ಹಕ್ಕಿ, ಚರ್ಚು, ಡೇಗೆ, ಫಿನಿಶ್, ವೆರಿ ಸಾರಿ ಎಂದೆ. ಆಮೇಲೆ ಶುರುವಾಯಿತು. ಡೇಗೆಯನ್ನು ಬೈದ. ಅದಕ್ಕೆ ಗೂಡು ಕಟ್ಟಿಕೊಟ್ಟವರನ್ನು ಬೈದ. ಚರ್ಚನ್ನು, ಊರನ್ನು, ದುರ್ಬೀನನ್ನು, ನನ್ನನ್ನು ಬೈದ. ಆ ಮಾತುಗಳಲ್ಲಿ ಅರ್ಧ ನನಗೆ ಗೊತ್ತಿರದ ಇಂಗ್ಲಿಷು. ಆದರೂ ಅವನು ಉಸಿರಿಗಾಗಿ ನಿಂತಾಗ ಮುಂದಿನ ಮಾತು ಏನೆಂದು ನಾನೇ ಹೇಳಿಕೊಡಬಹುದಿತ್ತು. ತಲೆ ತಗ್ಗಿಸಿ ಯೆಸ್, ಯೆಸ್ ಎನ್ನುತ್ತ ನಿಂತೆ.

ಕೊನೆಗೆ ನೀನು ಯಾರು ಎಂದ. ನಾನೂ ಪಾರಿವಾಳದವನು, ಇಂಡಿಯಾದವನು ಎಂದೆ.

ಎಷ್ಟಿವೆ ಎಂದ.

ಇಪ್ಪತ್ತೆರಡು ಎಂದೆ.

ಅಲ್ಲಿಯೂ ಈ ಪೀಡೆ ಇದೆಯೋ ಎಂದ.

ಚಳಿಗಾಲ ಮಾತ್ರ ಎಂದೆ.

ಪುಣ್ಯವಂತ ಎಂದ, ಇಲ್ಲಿ ಹನ್ನೆರಡು ತಿಂಗಳು.

ಫೋನು ಇಟ್ಟನೇನೋ ಎಂದುಕೊಂಡೆ. ಆಗ ಅವನು, ಹಿಡಿದದ್ದು ದೊಡ್ಡದೋ ಮರಿಯೋ ಎಂದು ಕೇಳಿದ. ಮರಿ, ಇದು ಅದರ ಮೊದಲನೆಯದು, ಬಹಳ ದಿನದಿಂದ ಹಸಿದಿತ್ತು ಎಂದೆ. ತಿಂದಿತೋ ಎಂದ. ನಾನು ಮೇಲೆ ನೋಡಿ, ಇನ್ನೂ ತಿನ್ನುತ್ತಿದೆ ಎಂದೆ. ಅವನು ಗಂಟಲು ಸರಿಮಾಡಿಕೊಂಡ. ಪೂರ್ತಿ ತಿನ್ನುತ್ತದೋ ಇಲ್ಲವೋ ನೋಡು, ಅರ್ಧ ತಿಂದು ಎಸೆಯುವಂಥ ಹಕ್ಕಿಯಲ್ಲ ನನ್ನದು ಎಂದು ಹೇಳಿ ಫೋನು ಇಟ್ಟ.

ಗಂಗಮ್ಮ ಬ್ಯಾಗು ಹೊತ್ತುಕೊಂಡು ಹುಡುಕುತ್ತ ಬಂದಳು. "ರೀ, ಟ್ಯಾಕ್ಸಿ ಬಂದು ನಿಂತೈತಿ, ಜಲ್ದಿ ಏಳ್ರಿ" ಎಂದಳು.

"ತಡಿ" ಎಂದೆ. "ಅದು ಉಣ್ಣಾಕತ್ತೈತಿ."

ಅವಳು ಮೇಲೆ ನೋಡಿದಳು, ನನ್ನ ಕೈಯಲ್ಲಿದ್ದ ಗರಿ ನೋಡಿದಳು, ಮಾರ್ಗರೆಟ್‌ಳನ್ನು ನೋಡಿದಳು. ಆಮೇಲೆ ಬ್ಯಾಗು ಕೆಳಗಿಟ್ಟು ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಊಟಕ್ಕೆ ಕೂತವರು ಏಳುವ ತನಕ ಕಾಯುವುದು ನಮ್ಮ ಕಡೆಯ ಪದ್ಧತಿ.